‘ಬಂಗಾರದ ಮನುಷ್ಯ’ ನೋಡುತ್ತಾ ಶುಭಸಂದೇಶ ಓದೋಣ



ಇಷ್ಟು ದಿನ ಈ ಪುಟದಲ್ಲಿ ಉಳಿತಾಯ, ಸಾಲದ ಕಂತು, ಮಕ್ಕಳ ಆರೋಗ್ಯ, ಗ್ರಾಮಸಭೆ ಅಂತ ಮಾತಾಡುತ್ತಾ ಬಂದೆವು. ಈ ಸಲ ಸಿನಿಮಾ ಬಗ್ಗೆ ಪಾಠ. "ಸಿಸ್ಟರ್‌ಗೆ ಹೇಳಿಕೊಡೋ ವಿಷಯ ಮುಗಿದು ಹೋಯ್ತೇನೋ" ಅಂತ ನಗಬೇಡಿ. ವಾರದ ಸಭೆಗೆ ಬರಲು ಪುರುಸೊತ್ತಿಲ್ಲ ಅನ್ನುವವರೂ ಭಾನುವಾರ ಟಿವಿಯಲ್ಲಿ ರಾಜ್‌ಕುಮಾರ್ ಪಿಚ್ಚರ್ ಬಂದರೆ ಒಲೆ ಆರಿಸಿ ಕೂರುತ್ತೀರಿ. ಈಗಂತೂ ಮೊಬೈಲಿನಲ್ಲೇ ಎಲ್ಲಾ ಸಿಗುತ್ತದೆ. ಅಷ್ಟು ಹೊತ್ತು ನಮ್ಮ ಮನಸ್ಸಿನ ಒಳಗೆ ಕೂತು ಮಾತಾಡುವ ವಸ್ತುವನ್ನು ಪಾಠದಿಂದ ಹೊರಗೆ ಇಡುವುದು ಹೇಗೆ?

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರೂ ಇದ್ದಾರೆ. ಇಲ್ಲಿ ನಾವು ಯೇಸುಸ್ವಾಮಿಯ ಮಾತುಗಳನ್ನು ಇಟ್ಟುಕೊಂಡು ಸಿನಿಮಾ ನೋಡುತ್ತೇವೆ, ಏಕೆಂದರೆ ನಮಗೆ ಗೊತ್ತಿರುವ ದೀಪ ಅದು. ನಿಮ್ಮ ಮನೆಯ ದೀಪ ಹಿಡಿದು ನೀವು ನೋಡಿ, ನಿಮಗೆ ಕಂಡದ್ದನ್ನು ನಮಗೂ ಹೇಳಿ.

ಒಂದು ಸಭೆಯಲ್ಲಿ ಒಬ್ಬ ಅಜ್ಜಿ ಕೇಳಿದರು: "ಸಿನಿಮಾದಾಗೆ ಯೇಸು ಎಲ್ಲಿರ್ತಾನೆ ಸಿಸ್ಟರ್? ಆವತ್ತು ಚರ್ಚ್ ಮುಂದೆ ತೋರಿಸಿದ್ರಲ್ಲ, ಶಿಲುಬೆ ಹೊತ್ಕೊಂಡು ಹೋಗೋದು, ಅದಾದ್ರೆ ಸರಿ." ಅಜ್ಜಿ ಹೇಳಿದ್ದು ‘ಕರುಣಾಮಯುಡು’ ಬಗ್ಗೆ. 1978ರಲ್ಲಿ ತೆಲುಗಿನಲ್ಲಿ ಬಂದ ಚಿತ್ರ, ವಿಜಯಚಂದರ್ ಯೇಸುವಿನ ಪಾತ್ರ ಮಾಡಿದ್ದರು. ಪರದೆ ಕಟ್ಟಿ ತೋರಿಸಿದರೆ ಊರಿಗೆ ಊರೇ ಬಂದು ಕೂತು ಅಳುತ್ತಿತ್ತು. ಅದು ಒಳ್ಳೆಯ ಚಿತ್ರವೇ. ಆದರೆ ಶಿಲುಬೆ ಕಾಣಿಸಿದ ಕಡೆ ಮಾತ್ರ ಯೇಸುಸ್ವಾಮಿ ಇದ್ದಾರೆ ಅಂದುಕೊಂಡರೆ ಶುಭಸಂದೇಶವನ್ನು ಅರ್ಧ ಓದಿದ ಹಾಗೆ. ಅವರೇ ಕತೆ ಹೇಳುವಾಗ ಎಷ್ಟು ಸಲ ದೇವಾಲಯದ ಹೊರಗೆ ನಿಂತು ಹೇಳಿದರು ನೋಡಿ. ಹಿಟ್ಟಿಗೆ ಹುಳಿ ಕಲಸುವ ಹೆಂಗಸು. ಹತ್ತು ನಾಣ್ಯದಲ್ಲಿ ಒಂದು ಕಳೆದು ಹೋಗಿ ದೀಪ ಹಚ್ಚಿ ಮನೆ ಗುಡಿಸುವ ಹೆಂಗಸು. ನ್ಯಾಯಾಧೀಶನ ಬೆನ್ನು ಬಿಡದ ವಿಧವೆ. ಲೆಕ್ಕ ತಿದ್ದಿದ ಕಳ್ಳ ಮೇಸ್ತ್ರಿಯ ಕತೆಯನ್ನೂ ಬಿಡಲಿಲ್ಲ! ಕೇಳುವವರ ಬದುಕಿನ ಕತೆ ತೆಗೆದುಕೊಂಡು ಅದರೊಳಗಿಂದ ದೇವರ ರಾಜ್ಯ ತೋರಿಸುವುದು ಅವರ ಪದ್ಧತಿ. ಸಿನಿಮಾವೂ ಈ ಕಾಲದ ಜನರ ಕತೆಯೇ.

ಧರ್ಮಸಭೆ ಕೂಡ ಇದನ್ನು ಒಪ್ಪಿದೆ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸಂಪರ್ಕ ಮಾಧ್ಯಮಗಳ ಬಗ್ಗೆ ಒಂದು ಆದೇಶಪತ್ರವನ್ನೇ ಹೊರಡಿಸಿತು. 1995ರಲ್ಲಿ ಸಿನಿಮಾ ಹುಟ್ಟಿ ನೂರು ವರ್ಷವಾದಾಗ ವ್ಯಾಟಿಕನ್ 45 ಚಿತ್ರಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಧರ್ಮದ ಚಿತ್ರಗಳು 15 ಮಾತ್ರ. ಮೌಲ್ಯಗಳ ಚಿತ್ರಗಳು ಅಂತ ಬೇರೆ 15. ನಮ್ಮ ಗಾಂಧೀಜಿಯವರ ಮೇಲೆ 1982ರಲ್ಲಿ ಬಂದ ‘ಗಾಂಧಿ’ ಅಲ್ಲಿದೆ. ಇಟಲಿಯ ‘ಬೈಸಿಕಲ್ ಥೀವ್ಸ್’ ಅಲ್ಲಿದೆ. ಅದು 1948ರದ್ದು. ಗಂಡನಿಗೆ ಕೆಲಸ ಸಿಗಬೇಕಾದರೆ ಸೈಕಲ್ ಬೇಕು, ಸೈಕಲ್ ಅಡವಿನಲ್ಲಿದೆ. ಹೆಂಡತಿ ಹಾಸಿಗೆಯ ದುಪ್ಪಟಿಗಳನ್ನು ಎಳೆದು ಗಂಟು ಕಟ್ಟಿ ಅಡವಿಟ್ಟು ಸೈಕಲ್ ಬಿಡಿಸುತ್ತಾಳೆ. ಈ ಒಂದು ದೃಶ್ಯ ಹೇಳಿದರೆ ಸಾಕು, ಓಲೆ ಅಡವಿಟ್ಟವರಿಗೆಲ್ಲ ಉಳಿದದ್ದು ತಾನಾಗೇ ಅರ್ಥವಾಗುತ್ತದೆ.

ಈಗ ನಮ್ಮ ಚಿತ್ರಕ್ಕೆ ಬರೋಣ. ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾಯಿತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ಬೇಸಾಯ ಹಿಡಿದ ಹುಡುಗರೂ ಇದ್ದರು ಅಂತ ಈಗಲೂ ಹೇಳುತ್ತಾರೆ. ಕತೆ ನಿಮಗೆ ಬಾಯಿಪಾಠ. ರಾಜೀವ ಅಕ್ಕನ ಊರಿಗೆ ಬರುತ್ತಾನೆ, ಭಾವ ತೀರಿಕೊಳ್ಳುತ್ತಾರೆ, ಸಂಸಾರ ನಡುನೀರಿನಲ್ಲಿ ನಿಲ್ಲುತ್ತದೆ. ರಾಜೀವ ಅಲ್ಲೇ ಉಳಿದು, ಕಲ್ಲು ತುಂಬಿದ ನೆಲ ಹದ ಮಾಡಿ, ಅಕ್ಕನ ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡುತ್ತಾನೆ. ಕಟ್ಟಿಕೊಂಡ ಲಕ್ಷ್ಮಿಯನ್ನು ಕಳೆದುಕೊಳ್ಳುತ್ತಾನೆ.

ಕಲ್ಲು ನೆಲವನ್ನು ಹೊಲ ಮಾಡಿದ ಭಾಗವನ್ನೇ ಎಲ್ಲರೂ ಹೊಗಳುತ್ತಾರೆ. ದುಡಿಮೆಯ ಪಾಠಕ್ಕೆ ಅದು ಚೆನ್ನ. ನಾವು ನಿಲ್ಲಬೇಕಾದ ಜಾಗ ಅದಕ್ಕಿಂತ ಮುಂದೆ ಇದೆ.

ರಾಜೀವ ಆಗಾಗ ಪಟ್ಟಣದಲ್ಲಿ ಶರಾವತಿ ಎಂಬ ಹೆಂಗಸಿನ ಮನೆಗೆ ಹೋಗಿ ದುಡ್ಡು ಕೊಟ್ಟು ಬರುತ್ತಾನೆ. ಓದಿ ಬಂದ ಅಕ್ಕನ ಮಗ ಕೇಶವನಿಗೆ ಅನುಮಾನ. ಮಾವ ನಮ್ಮ ದುಡ್ಡಿನಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾನೆ, ಆಸ್ತಿ ನುಂಗುತ್ತಿದ್ದಾನೆ ಅಂತ. ಮುಖಕ್ಕೇ ಅಂದುಬಿಡುತ್ತಾನೆ. ನಿಜ ಏನೆಂದರೆ ಆ ಹೆಂಗಸು ಸತ್ತುಹೋದ ಭಾವನ ಎರಡನೇ ಸಂಸಾರ. ಅಕ್ಕನಿಗೆ ಅದು ಗೊತ್ತಿಲ್ಲ. ಒಂದು ಮಾತು ಹೇಳಿದ್ದರೆ ರಾಜೀವನ ಮಾನ ಉಳಿಯುತ್ತಿತ್ತು, ಅಕ್ಕನ ಬಾಳು ಒಡೆಯುತ್ತಿತ್ತು. ಅವನು ಹೇಳುವುದಿಲ್ಲ. ಮನೆ ಬಿಟ್ಟು, ಊರು ಬಿಟ್ಟು ಹೋಗುತ್ತಾನೆ. ಸತ್ಯ ತಿಳಿದ ಮೇಲೆ ಮನೆಯವರು ಹುಡುಕುತ್ತಾರೆ. ಅವನು ಸಿಗುವುದಿಲ್ಲ.

ಇಲ್ಲಿ ಶುಭಸಂದೇಶ ಬಲ್ಲವರಿಗೆ ಎರಡು ನೆನಪು ಬರಬೇಕು. ಒಂದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುಸ್ವಾಮಿ ಬೆಟ್ಟದ ಮೇಲೆ ಕಲಿಸಿದ್ದು. ಇನ್ನೊಂದು ಸಂತ ಜೋಸೆಫರು. ಮರಿಯಮ್ಮ ಗರ್ಭವತಿ ಎಂದು ತಿಳಿದಾಗ ದೇವರ ಯೋಜನೆ ಏನೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಆಗಲೂ ನಾಲ್ಕು ಜನರ ಮುಂದೆ ಆಕೆಯ ಮಾನ ಕಳೆಯಲು ಅವರಿಗೆ ಮನಸ್ಸಾಗಲಿಲ್ಲ ಎಂದು ಸಂತ ಮತ್ತಾಯರು ಬರೆಯುತ್ತಾರೆ. ಇನ್ನೊಬ್ಬರ ಮಾನವನ್ನು ತನ್ನ ಮೈಮೇಲೆ ಹೊದ್ದುಕೊಂಡು ಕಾಯುವವರು. ಇಂತಹವರು ನಮ್ಮ ಊರುಗಳಲ್ಲೂ ಇದ್ದಾರೆ. ಹೆಚ್ಚಿನವರು ಹೆಂಗಸರು.

ಒಬ್ಬರ ವಿಷಯ ಹೇಳಲೇಬೇಕು. ಊರು, ಹೆಸರು ಬೇಡ. ಕೆಲವು ವರ್ಷದ ಹಿಂದೆ ನಾವು ನೋಡಿಕೊಳ್ಳುತ್ತಿದ್ದ ಒಂದು ಸಂಘದಲ್ಲಿ 16 ಜನ ಸದಸ್ಯರು. ಪ್ರತಿನಿಧಿಯಾಗಿದ್ದ ಅಕ್ಕ ಏಳನೇ ಕ್ಲಾಸು ಓದಿದವರು, ಅಕ್ಷರ ಮುತ್ತಿನಂತೆ, ಲೆಕ್ಕ ಪುಸ್ತಕದಲ್ಲಿ ಒಂದು ಗೀಚೂ ಇಲ್ಲ. ಒಂದು ದಿನ ಹಿಟ್ಟಿನ ಗಿರಣಿಯ ಹತ್ತಿರ ಮಾತು ಎದ್ದಿತು. ಒಬ್ಬ ಸದಸ್ಯೆ ಮೂರು ತಿಂಗಳಿಂದ ಕಂತು ಕಟ್ಟಿಲ್ಲ, ಕಟ್ಟಲು ಆಕೆಯ ಕೈಯಲ್ಲಿ ದುಡ್ಡೇ ಇಲ್ಲ, ಆದರೆ ಪುಸ್ತಕದಲ್ಲಿ 1,500ರಂತೆ ಮೂರು ಕಂತು ಜಮಾ ಆಗಿದೆ! ಹಾಗಾದರೆ ಪ್ರತಿನಿಧಿ ಸುಳ್ಳು ಲೆಕ್ಕ ಬರೆಯುತ್ತಿದ್ದಾಳೆ. ಒಂದು ಸುಳ್ಳು ಬರೆದವಳು ಇನ್ನೆಷ್ಟು ಬರೆದಿರಬಹುದು? ಒಂದು ವಾರದಲ್ಲಿ ಆ ಮಾತು ಬೆಳೆದು ಆಕೆ ಕಿವಿಗೆ ಹಾಕಿಕೊಂಡ ಓಲೆ ಕೂಡ ಸಂಘದ ದುಡ್ಡಿನದ್ದು ಎಂದಾಯಿತು.

ನಾವು ಸಭೆಗೆ ಹೋದೆವು. ಇಲ್ಲಿ ನಮ್ಮ ತಪ್ಪು ಒಪ್ಪಿಕೊಳ್ಳಬೇಕು. ಸಮಾಜಕಾರ್ಯದಲ್ಲಿ ಡಿಗ್ರಿ ಮಾಡಿದ್ದೇವೆ, ಇಬ್ಬರ ಮಾತನ್ನೂ ಬೇರೆ ಬೇರೆ ಕೂರಿಸಿ ಕೇಳಬೇಕು ಎಂದು ನಾವೇ ತರಬೇತಿಯಲ್ಲಿ ಹೇಳಿಕೊಡುತ್ತೇವೆ. ಆವತ್ತು ಕತ್ತಲಾಗುತ್ತಿತ್ತು, ಕೊನೆಯ ಬಸ್ಸಿನ ಚಿಂತೆ. ಎಲ್ಲರ ಎದುರೇ "ಇದು ಹೇಗಾಯ್ತಮ್ಮ?" ಅಂತ ಕೇಳಿದೆವು. ಆಕೆ ಬಾಯಿ ಬಿಡಲಿಲ್ಲ. "ದುಡ್ಡು ಕಮ್ಮಿ ಇಲ್ಲ ಸಿಸ್ಟರ್, ಎಣಿಸ್ಕೊಳ್ಳಿ" ಅಂದರು, ಅಷ್ಟೇ. ಎಣಿಸಿದರೆ ಸರಿಯಾಗೇ ಇತ್ತು. ಆದರೂ ಗಲಾಟೆ ತಣ್ಣಗಾಗಲಿ ಎಂದು, ಪುಸ್ತಕ, ಪಾಸ್‌ಬುಕ್ ಎರಡನ್ನೂ ಇನ್ನೊಬ್ಬರಿಗೆ ಕೊಡಿಸಿ ಬಂದುಬಿಟ್ಟೆವು. ಆಕೆ ಸೆರಗಿನಲ್ಲಿ ಪುಸ್ತಕದ ಧೂಳು ಒರೆಸಿ ಕೊಟ್ಟದ್ದು ಈಗಲೂ ಕಣ್ಣ ಮುಂದೆ ಇದೆ.

ಅದಾದ ಎರಡು ತಿಂಗಳಿಗೆ ಮಹಿಳಾ ದಿನಾಚರಣೆ. ಒಕ್ಕೂಟದವರೆಲ್ಲ ಸೇರಿ ಹಾಲ್‌ನಲ್ಲಿ ಸಿನಿಮಾ ಹಾಕಿಸಿದರು. ಯಾವ ಉದ್ದೇಶವೂ ಇರಲಿಲ್ಲ, ಎಲ್ಲರೂ ಕೇಳಿದ್ದು ‘ಬಂಗಾರದ ಮನುಷ್ಯ’. ಕೇಶವ ಮಾವನ ಮೇಲೆ ಅಪವಾದ ಹೊರಿಸುವಾಗ ಹಾಲ್‌ನಲ್ಲಿ ಶಾಪ ಹಾಕಿದ್ದೇ ಹಾಕಿದ್ದು. "ನಾಲಿಗೆ ಸೇದಿ ಹೋಗ", "ಅನ್ನ ಹಾಕಿದವ್ನಿಗೆ ಹಿಂಗಂತಾನಲ್ಲ". ಕೊನೆಗೆ ಎಲ್ಲರ ಸೆರಗೂ ಕಣ್ಣಿಗೆ. ಆ ಸಂಘದವರೂ ಇದ್ದರು, ಅವರೂ ಅತ್ತರು. ಪ್ರತಿನಿಧಿಯಾಗಿದ್ದ ಅಕ್ಕ ಮಾತ್ರ ಹಿಂದಿನ ಸಾಲಿನಿಂದ ಎದ್ದು ಮಧ್ಯದಲ್ಲೇ ಹೊರಗೆ ಹೋಗಿದ್ದರು. ನಮಗೆ ಆಗ ಹೊಳೆಯಲಿಲ್ಲ.

ಮೂರು ದಿನ ಬಿಟ್ಟು ಆ ಇನ್ನೊಬ್ಬ ಸದಸ್ಯೆ ಬಸ್ ಸ್ಟಾಪಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದರು. ಗಂಡ ಕಂತಿನ ದುಡ್ಡು ಕಿತ್ತುಕೊಂಡು ಹೋಗುತ್ತಿದ್ದದ್ದು, ಅದನ್ನು ಕೇಳಿದ್ದಕ್ಕೆ ಹೊಡೆದದ್ದು, ಸಂಘಕ್ಕೆ ಗೊತ್ತಾದರೆ ಊರಿಗೆಲ್ಲ ಗೊತ್ತಾಗಿ ಮಗಳ ಮದುವೆ ಮಾತು ಮುರಿಯುತ್ತದೆ ಎಂದು ಕಾಲು ಹಿಡಿದು ಬೇಡಿಕೊಂಡದ್ದು, ಪ್ರತಿನಿಧಿ ಅಕ್ಕ ತಮ್ಮ ಎರಡು ಕುರಿ ಮಾರಿ ಮೂರು ಕಂತನ್ನೂ ತಾವೇ ಕಟ್ಟಿದ್ದು, ಎಲ್ಲಾ ಹೇಳಿದರು. "ಸಿನಿಮಾ ನೋಡಿದ್ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ ಸಿಸ್ಟರ್. ಆ ಶರಾವತಿನಾದ್ರೂ ಕೊನೇಲಿ ನಿಜ ಹೇಳಿದ್ಳು. ನಾನು ಹೇಳಿಲ್ವಲ್ಲ."

ನಾವು ಓಡಿ ಆ ಅಕ್ಕನ ಮನೆಗೆ ಹೋದೆವು. ಕ್ಷಮೆ ಕೇಳಿದೆವು. ಸಂತೋಷಪಡುತ್ತಾರೆ ಅಂದುಕೊಂಡಿದ್ದೆವು. ಅವರಿಗೆ ಸಿಟ್ಟು ಬಂತು. ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟು ಹೇಳಿದರು: "ರಾಜ್‌ಕುಮಾರ್‌ಗೋಸ್ಕರ ಅಷ್ಟು ಜನ ಅತ್ರಲ್ಲ ಸಿಸ್ಟರ್. ಅದೇ ಜನ ನನ್ನ ಮನೆ ಮುಂದೇನೇ ನೀರಿಗೆ ಹೋಗೋರು. ಒಬ್ರಾದ್ರೂ ಒಳಗೆ ಬಂದು ‘ಏನಕ್ಕ, ಏನಾಯ್ತು’ ಅಂತ ಕೇಳಿದ್ರಾ? ನೀವಾದ್ರೂ ಕೇಳಿದ್ರಾ?"

ಈ ಮಾತೇ ನಮಗೆ ಆ ವರ್ಷದ ತಪಸ್ಸುಕಾಲದ ಧ್ಯಾನವಾಯಿತು. ಸಿನಿಮಾದಲ್ಲಿ ಯೇಸು ಯಾರು ಅಂತ ಹುಡುಕುವುದು ಸುಲಭ. ಒಳ್ಳೆಯವನು, ನೋವು ತಿಂದವನು, ಬಿಟ್ಟುಕೊಟ್ಟವನು, ನೋಡು ಅವನೇ ಎಂದು ಬೆರಳು ತೋರಿಸಿ ಅತ್ತು ಮನೆಗೆ ಹೋಗಬಹುದು. ಕಷ್ಟವಾದ ಪ್ರಶ್ನೆ, ಆ ಕತೆಯಲ್ಲಿ ನಾವು ಯಾರು ಎನ್ನುವುದು. ಪಿಲಾತನ ಅಂಗಳದಲ್ಲಿ ಕೂಗಿದವರೂ ಜನರೇ. ಕೇಶವ ಎಂಥ ಪಾಪಿಯೂ ಅಲ್ಲ, ಲೆಕ್ಕ ಕೇಳಿದ ಹುಡುಗ. ಲೆಕ್ಕ ಕೇಳುವುದು ತಪ್ಪಲ್ಲ, ಸಂಘದಲ್ಲಿ ಅದು ನಿಮ್ಮ ಹಕ್ಕು. ಉತ್ತರ ಬರುವ ಮೊದಲೇ ತೀರ್ಪು ಬರೆದದ್ದು ಅವನ ತಪ್ಪು, ನಮ್ಮ ತಪ್ಪು ಕೂಡ.

ಇನ್ನೊಂದು ಮಾತನ್ನು ಸ್ವಲ್ಪ ಧೈರ್ಯ ಮಾಡಿ ಹೇಳುತ್ತೇವೆ. ಅಣ್ಣಾವ್ರ ಅಭಿಮಾನಿಗಳು ಬೇಸರ ಮಾಡಿಕೊಳ್ಳಬೇಡಿ, ನಾವೂ ಅಭಿಮಾನಿಗಳೇ. ರಾಜೀವನ ಮೌನ ದೊಡ್ಡದು, ಆದರೆ ಅದು ಎಲ್ಲರಿಗೂ ಎಲ್ಲ ಕಾಲಕ್ಕೂ ಸರಿಯಾ? ಅವನು ಗಂಡಸು, ಎದ್ದು ಹೊರಟು ಹೋದ. ಎದ್ದು ಹೋಗಲು ಜಾಗವಿಲ್ಲದ ಹೆಣ್ಣುಮಕ್ಕಳಿಗೆ "ಸಹಿಸ್ಕೋ, ಬಾಯಿ ಮುಚ್ಕೋ, ದೇವರು ನೋಡ್ತಾನೆ" ಅಂತ ಹೇಳಿ ಹೇಳಿ ಎಷ್ಟು ಅನ್ಯಾಯ ಮುಚ್ಚಿ ಹೋಗಿದೆ. ಯೇಸುಸ್ವಾಮಿ ತಮ್ಮ ಮೇಲೆ ದೂರು ಹೊರಿಸಿದಾಗ ಪಿಲಾತನ ಮುಂದೆ ಸುಮ್ಮನಿದ್ದರು, ನಿಜ. ಆದರೆ ಅದಕ್ಕೆ ಮುಂಚೆ ಮಹಾಯಾಜಕನ ಮುಂದೆ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ ಸುಮ್ಮನಿರಲಿಲ್ಲ. ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂದು ಅವನನ್ನೇ ಕೇಳಿದರು. ಸಂತ ಯೊವಾನ್ನರ ಶುಭಸಂದೇಶ 18ನೇ ಅಧ್ಯಾಯದಲ್ಲಿ ಇದೆ. ಈ ವಾಕ್ಯದ ಮೇಲೆ ಪ್ರಸಂಗ ಕೇಳಿದ್ದು ಕಡಿಮೆ!

ನಮ್ಮ ಬೈಬಲಿನಲ್ಲಿ ದಾನಿಯೇಲನ ಗ್ರಂಥದ 13ನೇ ಅಧ್ಯಾಯ ಸುಸನ್ನಳ ಕತೆ. ಇಬ್ಬರು ಹಿರಿಯರು ಆಕೆಯ ಮೇಲೆ ಸುಳ್ಳು ಅಪವಾದ ಹೊರಿಸುತ್ತಾರೆ, ಜನ ನಂಬಿ ಮರಣದಂಡನೆ ಎನ್ನುತ್ತಾರೆ. ಸುಸನ್ನ ಗಟ್ಟಿಯಾಗಿ ಕೂಗಿ ದೇವರಿಗೆ ಮೊರೆಯಿಡುತ್ತಾಳೆ. ಆಗ ದಾನಿಯೇಲ ಎಂಬ ಎಳೆಯ ಹುಡುಗ ಎದ್ದು ನಿಂತು, ವಿಚಾರಣೆಯೇ ಮಾಡದೆ ತೀರ್ಪು ಕೊಡುತ್ತೀರಾ ಎಂದು ಜನರನ್ನು ತಡೆಯುತ್ತಾನೆ. ಇಬ್ಬರು ಹಿರಿಯರನ್ನೂ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಎಂದು ಕೇಳುತ್ತಾನೆ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು ಮರ. ಸುಳ್ಳು ಬಯಲಾಯಿತು. ಆ ಕೊನೆಯ ಬಸ್ಸಿನ ಸಂಜೆ ನಾವು ಮಾಡಬೇಕಾಗಿದ್ದ ಕೆಲಸ ಇದೇ ಆಗಿತ್ತು.

ಹೀಗೆ ಸಿನಿಮಾವನ್ನು ಶುಭಸಂದೇಶದ ಪಕ್ಕ ಇಟ್ಟು ನೋಡುವಾಗ ಕೆಲವು ಕಡೆ ಎರಡೂ ಕೈ ಹಿಡಿಯುತ್ತವೆ, ಕೆಲವು ಕಡೆ ಜಗಳವಾಡುತ್ತವೆ. ಜಗಳವಾಡಿದರೂ ಒಳ್ಳೆಯದೇ. 1971ರ ‘ಕಸ್ತೂರಿ ನಿವಾಸ’ ತೆಗೆದುಕೊಳ್ಳಿ. 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಟ್ಟಿದ್ದರು. ಅದರ ರವಿವರ್ಮ ಕೊಟ್ಟು ಕೊಟ್ಟು ಬರಿಗೈ ಆದವನು. ಕೊನೆಗೆ ಮನೆಗೆ ಬಂದವರಿಗೆ ಊಟ ಹಾಕಲು ತನ್ನ ಪ್ರೀತಿಯ ಪಾರಿವಾಳವನ್ನೇ ಮಾರುತ್ತಾನೆ. ಅವರು ಬಂದದ್ದು ಕಾಯಿಲೆ ಮಗುವಿಗಾಗಿ ಆ ಪಾರಿವಾಳವನ್ನೇ ಕೇಳಲು. ಇದನ್ನು ನೋಡಿ ಅಳದವರು ಯಾರು? ಇದ್ದದ್ದನ್ನೆಲ್ಲ ಕಾಣಿಕೆ ಪೆಟ್ಟಿಗೆಗೆ ಹಾಕಿದ ಬಡ ವಿಧವೆ ನೆನಪಾಗುತ್ತಾಳೆ. ಆದರೆ ರವಿವರ್ಮ ಯಾರಿಂದಲೂ ತೆಗೆದುಕೊಳ್ಳಲು ಒಪ್ಪುವುದಿಲ್ಲ, ಕೊಟ್ಟ ಕೈ ಬೇಡಬಾರದು ಎಂಬ ಛಲ. ಯೇಸುಸ್ವಾಮಿ ಹಾಗಲ್ಲ. ಬಾವಿಯ ಹತ್ತಿರ ಸಮಾರಿಯದ ಹೆಂಗಸನ್ನು ನೀರು ಕೊಡು ಎಂದು ಕೇಳಿದರು. ಅವರ ಜೊತೆ ಊರೂರು ತಿರುಗಿದ ಹೆಂಗಸರು ತಮ್ಮ ಸ್ವಂತ ದುಡ್ಡಿನಿಂದ ಅವರನ್ನೂ ಶಿಷ್ಯರನ್ನೂ ನೋಡಿಕೊಂಡರು ಎಂದು ಸಂತ ಲೂಕರು ಬರೆದಿದ್ದಾರೆ. ತೆಗೆದುಕೊಳ್ಳುವುದಕ್ಕೂ ದೀನತೆ ಬೇಕು. ಸಂಘದಲ್ಲಿ ಸಾಲ ಕೇಳಲು ನಾಚಿಕೊಂಡು ಬಡ್ಡಿ ವ್ಯಾಪಾರಿಯ ಮನೆಗೆ ಕತ್ತಲಲ್ಲಿ ಹೋಗುವವರು ಇದನ್ನು ಸ್ವಲ್ಪ ಯೋಚನೆ ಮಾಡಬೇಕು.

ಎಲ್ಲ ಸಿನಿಮಾದಲ್ಲೂ ಇಂತಹದ್ದು ಸಿಗುತ್ತದೆ ಎಂದು ನಾವು ಹೇಳುವುದಿಲ್ಲ. ಒಲ್ಲೆ ಅಂದ ಹುಡುಗಿಯ ಹಿಂದೆ ಬಿದ್ದು ಕಾಡುವುದನ್ನು ಪ್ರೀತಿ ಎಂದು ತೋರಿಸುವ, ಹೆಂಡತಿಗೆ ಹೊಡೆದರೆ ಬುದ್ಧಿ ಬಂತು ಎಂದು ಚಪ್ಪಾಳೆ ಹೊಡೆಸುವ ಚಿತ್ರಗಳು ಬೇಕಾದಷ್ಟಿವೆ. ಕೊನೆಯಲ್ಲಿ ದೇವರ ಪಟಕ್ಕೆ ಕೈ ಮುಗಿದರೂ ಅದು ಭಕ್ತಿ ಚಿತ್ರ ಆಗುವುದಿಲ್ಲ. ಹೆಣ್ಣುಮಕ್ಕಳು, ಗಂಡುಮಕ್ಕಳು ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು "ಇದು ಸರಿಯಾ?" ಎಂದು ಕೇಳಿ. ಟಿವಿ ಆರಿಸುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಆ ಸಂಘದ ಸಂಗತಿ ಅರ್ಧಕ್ಕೆ ನಿಂತಿದೆ. ಮುಂದಿನ ಸಭೆಯಲ್ಲಿ ಆ ಸದಸ್ಯೆ ತಾವಾಗೇ ಎದ್ದು ಎಲ್ಲವನ್ನೂ ಹೇಳಿದರು. ಹೇಳಬೇಕೋ ಬೇಡವೋ, ಎಷ್ಟು ಹೇಳಬೇಕು ಎಂಬುದನ್ನು ಆಕೆಗೇ ಬಿಟ್ಟಿದ್ದೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಗಿರಣಿ ಹತ್ತಿರ ಮೊದಲು ಮಾತು ಎತ್ತಿದವರು ಎದ್ದು ಹೋಗಿ ಪ್ರತಿನಿಧಿ ಅಕ್ಕನ ಪಕ್ಕ ಕೂತರು, ಅಷ್ಟೇ. ಕುರಿಯ ದುಡ್ಡನ್ನು ತಿಂಗಳಿಗೆ 300ರಂತೆ ತೀರಿಸುವುದಾಗಿ ಆ ಸದಸ್ಯೆ ಬರೆಸಿದರು. ಗಂಡನ ಹೊಡೆತದ ವಿಷಯಕ್ಕೆ ನಾಲ್ಕು ಜನ ಅವರ ಮನೆಗೆ ಹೋಗುವುದೆಂದೂ ತೀರ್ಮಾನವಾಯಿತು. ಮಗಳ ಮದುವೆ ಮಾತು ಮುರಿಯಲಿಲ್ಲ.

ಪುಸ್ತಕ ವಾಪಸ್ ತಗೊಳ್ಳಿ ಅಂದರೆ ಅಕ್ಕ ಕೂಡಲೇ ಒಪ್ಪಲಿಲ್ಲ. ಆಮೇಲೆ ಒಂದು ಶರತ್ತು ಹಾಕಿದರು. "ಇನ್ಮೇಲೆ ಪ್ರತಿ ವಾರ ಲೆಕ್ಕ ನಾನು ಗಟ್ಟಿಯಾಗಿ ಓದ್ತೀನಿ. ಓದೋವಾಗ ಯಾರಿಗೆ ಅನುಮಾನ ಬಂದ್ರೂ ಅಲ್ಲೇ ಕೇಳ್ಬೇಕು. ಇಲ್ಲಿ ಕೇಳ್ದೆ ಗಿರಣಿ ಹತ್ರ ಕೇಳಿದ್ರೆ 10 ರೂಪಾಯಿ ದಂಡ." ನಡಾವಳಿ ಪುಸ್ತಕದಲ್ಲಿ ಅದನ್ನು ಠರಾವು ಮಾಡಿ 16 ಜನವೂ ಸಹಿ ಹಾಕಿದರು. ನಮ್ಮದೂ ಒಂದು ಸಹಿ ಹಾಕಿಸಿಕೊಂಡರು.

ಮುಂದಿನ ತಿಂಗಳ ಒಕ್ಕೂಟದ ಸಭೆಯ ದಿನ ‘ಭೂತಯ್ಯನ ಮಗ ಅಯ್ಯು’ ನೋಡೋಣ. ಗೊರೂರರ ಕತೆ, 1974ರಲ್ಲಿ ಸಿದ್ದಲಿಂಗಯ್ಯನವರೇ ತೆಗೆದದ್ದು. ಊರಿಗೆಲ್ಲ ಸಾಲ ಕೊಟ್ಟು ಹಿಂಡಿದ ಭೂತಯ್ಯ ಸತ್ತಾಗ ಹೆಣ ಹೊರಲು ಊರಿನವರು ಬರುವುದಿಲ್ಲ. ಆ ದೃಶ್ಯದವರೆಗೂ ನೋಡಿ ಚಿತ್ರ ನಿಲ್ಲಿಸುತ್ತೇವೆ. ಆ ಊರಿನಲ್ಲಿ ನೀವು ಇದ್ದಿದ್ದರೆ ಹೋಗುತ್ತಿದ್ದಿರಾ, ಇಲ್ಲವಾ, ಯಾಕೆ ಎಂದು ಮೊದಲೇ ಮಾತಾಡಿಕೊಂಡು ಬನ್ನಿ. ಮತ್ತಾಯ 18ರಲ್ಲಿ ತನ್ನ ದೊಡ್ಡ ಸಾಲ ಮನ್ನಾ ಆದರೂ ಇನ್ನೊಬ್ಬನ ಸಣ್ಣ ಸಾಲಕ್ಕೆ ಕುತ್ತಿಗೆ ಹಿಡಿದ ಸೇವಕನ ಕತೆಯನ್ನು ಯಾರಾದರೂ ಒಬ್ಬರು ಓದಿಕೊಂಡು ಬರಬೇಕು. ಚಿತ್ರ ಉದ್ದ ಇದೆ, ಊಟ ಮುಗಿಸಿಕೊಂಡೇ ಬನ್ನಿ.